ಮಾಹಿಮಾಹಿ ಮನೇಲಿ ಮಾಡಿದ್ರೆ ಯಾಕೆ ಒಣಗಿ ಹೋಗುತ್ತೆ?

ಅಡುಗೆ ವಿಷಯದಲ್ಲಿ ನನ್ನನ್ನ ಜನ ಅತಿ ಹೆಚ್ಚು ಸಲ ಕೇಳಿರೋ ಪ್ರಶ್ನೆ ಇದೇ. ಹೋಟೆಲಲ್ಲಿ ತಿಂದಾಗ ಅಷ್ಟು ಮೆತ್ತಗೆ ರಸವಾಗಿತ್ತು, ಅದೇ ಮೀನು ತಂದು ಮನೇಲಿ ಮಾಡಿದ್ರೆ ಹತ್ತಿ ಅಗಿದ ಹಾಗೆ ಆಗುತ್ತೆ, ಮಸಾಲೆ ಬೇರೆ ಏನಾದ್ರೂ ಹಾಕ್ಬೇಕಾ ಅಂತ. ಮಸಾಲೆದು ಏನೂ ತಪ್ಪಿಲ್ಲ. ಹೆಚ್ಚಿನ ಸಲ ಮೀನು ಒಲೆ ಮೇಲೆ ಎರಡು ಮೂರು ನಿಮಿಷ ಜಾಸ್ತಿ ಕೂತಿರುತ್ತೆ, ಅಷ್ಟೇ.

ಈ ಮೀನಿನ ಮೈಕಟ್ಟೇ ಹಾಗೆ. ಬೆಚ್ಚಗಿನ ತೆರೆದ ಸಮುದ್ರದಲ್ಲಿ ಜೋರಾಗಿ ಈಜ್ಕೊಂಡು ಹಾರುಮೀನು ಬೇಟೆಯಾಡೋ ಮೀನು ಇದು, ಬಹಳ ಬೇಗ ಬೆಳೆಯುತ್ತೆ, ಹೆಚ್ಚೆಂದ್ರೆ ನಾಲ್ಕೈದು ವರ್ಷ ಬದುಕುತ್ತೆ. ಮೈಯೆಲ್ಲಾ ಸ್ನಾಯು, ಕೊಬ್ಬು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ. ಸಾಲ್ಮನ್ ಆದ್ರೆ ಅದರೊಳಗಿನ ಕೊಬ್ಬು ನಮ್ಮ ತಪ್ಪನ್ನ ಸ್ವಲ್ಪ ಮುಚ್ಚುತ್ತೆ, ಎರಡು ನಿಮಿಷ ಜಾಸ್ತಿ ಆದ್ರೂ ತಿನ್ನೋಕೆ ಬರುತ್ತೆ. ಇಲ್ಲಿ ಆ ಅವಕಾಶ ಇಲ್ಲ. ಮಾಂಸ 50 ಡಿಗ್ರಿ ಸೆಲ್ಸಿಯಸ್ ಹತ್ರ ಬೆಳ್ಳಗಾಗಿ ಪದರ ಬಿಡೋಕೆ ಶುರುವಾಗುತ್ತೆ, 60 ದಾಟಿ ಮೇಲೆ ಹೋದಷ್ಟೂ ಬಟ್ಟೆ ಹಿಂಡಿದ ಹಾಗೆ ಒಳಗಿನ ನೀರು ಹೊರಗೆ ಬರ್ತಾ ಹೋಗುತ್ತೆ. ಪ್ಯಾನಲ್ಲಿ ಮೀನಿನ ಸುತ್ತ ಬಿಳಿ ನೊರೆ ಥರ ಕಟ್ಕೊಳ್ಳುತ್ತಲ್ಲ, ಅದು ಹಾಗೆ ಹೊರಗೆ ಬಂದ ಪ್ರೋಟೀನೇ. ಜಾಸ್ತಿ ಬಿಳಿ ಕಂಡ್ರೆ ತಕ್ಷಣ ಇಳಿಸಿ ಅಂತ ಅರ್ಥ.

ಸುರಕ್ಷತೆಗೆ ಅಮೆರಿಕದಲ್ಲಿ ಹೇಳೋ ಲೆಕ್ಕ ಒಳಗಿನ ತಾಪ 63 ಡಿಗ್ರಿ. ಆದ್ರೆ 63 ಬರೋವರೆಗೂ ಒಲೆ ಮೇಲೇ ಇಟ್ರೆ ತಟ್ಟೆಗೆ ಬರೋ ಹೊತ್ತಿಗೆ 66 ದಾಟಿರುತ್ತೆ, ಯಾಕಂದ್ರೆ ಇಳಿಸಿದ ಮೇಲೂ ಹೊರಗಿನ ಬಿಸಿ ಒಳಗೆ ಹೋಗ್ತಾನೇ ಇರುತ್ತೆ. ನಾನು 60ಕ್ಕೆ ಇಳಿಸಿ, ಬೆಚ್ಚಗಿನ ತಟ್ಟೆ ಮೇಲೆ ಮೂರು ನಿಮಿಷ ಸುಮ್ನೆ ಬಿಟ್ಟು, ಇನ್ನೊಂದು ಸಲ ಥರ್ಮಾಮೀಟರ್ ಚುಚ್ಚಿ ನೋಡ್ತೀನಿ, ದಪ್ಪ ತುಂಡಾದ್ರೆ ತಾನಾಗೇ 63ಕ್ಕೆ ಬಂದಿರುತ್ತೆ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ತಿನ್ನೋದಾದ್ರೆ 63 ಆಯ್ತಾ ಅಂತ ಖಾತ್ರಿ ಮಾಡ್ಕೊಂಡೇ ಬಡಿಸಿ. ಥರ್ಮಾಮೀಟರ್ ಇಲ್ವಾ, ಅತಿ ದಪ್ಪ ಇರೋ ಜಾಗದಲ್ಲಿ ಚಾಕು ತುದಿ ಹಾಕಿ ಸ್ವಲ್ಪ ಅಗಲಿಸಿ ನೋಡಿ. ಪದರಗಳು ಮೆಲ್ಲಗೆ ತಳ್ಳಿದ್ರೆ ಜಾರಬೇಕು, ನಟ್ಟನಡುವೆ ಕೂದಲೆಳೆಯಷ್ಟು ಗಾಜಿನ ಹೊಳಪು ಇನ್ನೂ ಉಳಿದಿರಬೇಕು, ಇಳಿಸಿಟ್ಟ ಮೇಲೆ ಅದೂ ಹೋಗುತ್ತೆ. ಒಳಗೂ ಪೂರ್ತಿ ಬೆಳ್ಳಗಾಗಿ ಪುಡಿ ಪುಡಿಯಾಗಿ ಬರ್ತಿದ್ರೆ ಆಗ್ಲೇ ತಡ ಆಗಿದೆ.

ಟೈಮ್ ಎಷ್ಟು ಅಂತ ಕೇಳ್ತಾರೆ. ಇಂಚು ದಪ್ಪಕ್ಕೆ ಹತ್ತು ನಿಮಿಷ ಅನ್ನೋ ಹಳೇ ಲೆಕ್ಕ ಒಂದಿದೆ, ಆದ್ರೆ ಬಿಸಿ ಪ್ಯಾನಿಗೆ ಅದು ಜಾಸ್ತಿ ಆಯ್ತು ಅಂತ ನನ್ನ ಅನುಭವ. ಒಂದು ಇಂಚಿನ ತುಂಡಿಗೆ ಮೊದಲ ಕಡೆ ನಾಲ್ಕು ನಿಮಿಷ ಕೈ ಹಚ್ಚದೇ ಬಿಡಿ, ಹೊಂಬಣ್ಣ ಬಂದು ತಾನಾಗೇ ಪ್ಯಾನ್ ಬಿಡುತ್ತೆ, ತಿರುವಿ ಹಾಕಿ ಎರಡು ನಿಮಿಷ ಆದ್ಮೇಲಿಂದ ನೋಡೋಕೆ ಶುರು ಮಾಡಿ. ಬಾಲದ ಕಡೆ ತೆಳ್ಳಗಿರೋ ಭಾಗ ಇದ್ರೆ ಅದನ್ನ ಬೇರೆ ಕತ್ತರಿಸಿ ಕೊನೆಗೆ ಹಾಕಿ, ಒಟ್ಟಿಗೆ ಹಾಕಿದ್ರೆ ಒಂದು ಬೆಂದಾಗ ಇನ್ನೊಂದು ಸುಟ್ಟಿರುತ್ತೆ.

ಒಲೆಗೆ ಮುಂಚೆ ಮಾಡೋ ಕೆಲಸ ಸ್ವಲ್ಪ ಇದೆ, ಅದನ್ನ ಬಿಡಬೇಡಿ. ಚರ್ಮ ದಪ್ಪ, ತಿನ್ನೋಕೆ ಚೆನ್ನಾಗಿರಲ್ಲ, ಪ್ಯಾನಿಗಾದ್ರೆ ತೆಗೆದುಬಿಡಿ. ಕೆಂಡದ ಮೇಲೆ ಸುಡೋದಾದ್ರೆ ಇರ್ಲಿ, ಮೀನು ಒಡೆಯದೇ ಹಿಡ್ಕೊಂಡಿರುತ್ತೆ, ಬೆಂದ ಮೇಲೆ ಸುಲಭವಾಗಿ ಬಿಡಿಸಬಹುದು. ತುಂಡಿನ ಮಧ್ಯೆ ಉದ್ದಕ್ಕೆ ಕಪ್ಪು ಕೆಂಪು ಪಟ್ಟಿ ಇರುತ್ತಲ್ಲ, ಮೀನಿನ ವಾಸನೆ ಜಾಸ್ತಿ ಇರೋದು ಅಲ್ಲೇ, ಎರಡೂ ಕಡೆಯಿಂದ ಓರೆಯಾಗಿ ಚಾಕು ಹಾಕಿ ಅದನ್ನ ತೆಗೆದ್ರೆ ಉಳಿದ ಮಾಂಸ ಸಿಹಿಯಾಗಿರುತ್ತೆ. ಆಮೇಲೆ ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಉಪ್ಪು ಕರಗಿಸಿ ಅದರಲ್ಲಿ 15 ನಿಮಿಷ ಮುಳುಗಿಸಿಡಿ. ಇದೊಂದು ಮಾಡಿದ್ರೆ ಬಿಳಿ ನೊರೆಯೂ ಕಮ್ಮಿ, ರಸವೂ ಉಳಿಯುತ್ತೆ, ನನಗೆ ಮಸಾಲೆಗಿಂತ ಇದು ದೊಡ್ಡ ವಿಷಯ. ತೆಗೆದು ಬಟ್ಟೆಯಲ್ಲೋ ಪೇಪರಲ್ಲೋ ಚೆನ್ನಾಗಿ ಒರೆಸಿ, ಒದ್ದೆ ಮೀನಿಗೆ ಬಣ್ಣ ಬರಲ್ಲ. ನಿಂಬೆರಸ ಹಾಕಿ ಗಂಟೆಗಟ್ಲೆ ನೆನೆಸೋರು ಇದಾರೆ, ದಯವಿಟ್ಟು ಬೇಡ, ಹುಳಿ ತಾಗಿ ಹೊರಭಾಗ ಬೇಯೋಕೆ ಮುಂಚೆನೇ ಗಟ್ಟಿಯಾಗುತ್ತೆ. ಹತ್ತು ಹದಿನೈದು ನಿಮಿಷ ಸಾಕು, ಇಲ್ಲಾಂದ್ರೆ ಇಳಿಸಿದ ಮೇಲೆ ಹಿಂಡಿ, ಜೊತೆಗೆ ಬೆಣ್ಣೆ ಬೆಳ್ಳುಳ್ಳಿ, ಅಷ್ಟು ಸಾಕು ನನಗೆ.

ಈಗ ಯಾರೂ ಕೇಳದೇ ಇರೋ, ಆದ್ರೆ ನಾನು ಹೇಳದೇ ಬಿಡದೇ ಇರೋ ವಿಷಯ. ಈ ಮೀನು ತಣ್ಣಗಿರಲೇಬೇಕು. ಬೆಚ್ಚಗೆ ಬಿಟ್ರೆ ಬ್ಯಾಕ್ಟೀರಿಯಾ ಇದರ ಮಾಂಸದಲ್ಲಿರೋ ಹಿಸ್ಟಿಡಿನ್ ಅನ್ನೋದನ್ನ ಹಿಸ್ಟಮಿನ್ ಅನ್ನೋ, ಅಲರ್ಜಿ ಥರ ತೊಂದ್ರೆ ಕೊಡೋ ವಸ್ತುವಾಗಿ ಮಾಡಿಬಿಡುತ್ತೆ, ಒಂದ್ಸಲ ಆಯ್ತಂದ್ರೆ ಬೇಯಿಸಿದ್ರೂ ಹೋಗಲ್ಲ, ಫ್ರೀಜರಲ್ಲಿಟ್ರೂ ಹೋಗಲ್ಲ, ವಾಸನೆಯಲ್ಲೂ ಗೊತ್ತಾಗದೇ ಇರಬಹುದು. ನಮ್ಮನೇಲಿ ಒಂದ್ಸಲ ಆಗಿದೆ. ತಂದ ಮೀನು ಬಿಸಿಲಲ್ಲಿ ನಿಂತ ಕಾರಲ್ಲಿ ಎರಡು ಗಂಟೆಗಿಂತ ಜಾಸ್ತಿ ಇತ್ತು, ಊಟ ಆಗಿ ಅರ್ಧ ಗಂಟೆಗೆ ತಂಗಿ ಮುಖ ಕೆಂಪಗಾಗಿ, ತಲೆನೋವು, ಮೈಯೆಲ್ಲಾ ತುರಿಕೆ. ಅವಳು ತಿನ್ನುವಾಗ್ಲೇ ನಾಲಿಗೆ ಮೆಣಸು ತಾಗಿದ ಹಾಗೆ ಚುರುಗುಟ್ತಿದೆ ಅಂದಿದ್ಲು, ನಾವು ಮಸಾಲೆ ಖಾರ ಅಂದ್ಕೊಂಡ್ವಿ. ಡಾಕ್ಟರು ಅಲರ್ಜಿ ಔಷಧಿ ಕೊಟ್ರು, ಸಂಜೆಗೆ ಇಳೀತು. ಅವತ್ತಿಂದ ಐಸ್ ಡಬ್ಬ ಇಲ್ದೇ ಮೀನು ತರೋಕೆ ಹೋಗಲ್ಲ, ತಂದ ಮೇಲೆ 4 ಡಿಗ್ರಿಗಿಂತ ಕೆಳಗೇ ಇಡೋದು, ಮರುದಿನದೊಳಗೆ ಮಾಡೋದು. ತಿನ್ನುವಾಗ ನಾಲಿಗೆ ಉರಿದ್ರೆ ಅಲ್ಲೇ ನಿಲ್ಲಿಸಿ, ಉಸಿರಾಡೋಕೆ ಕಷ್ಟ ಆದ್ರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಫ್ರೋಜನ್ ಆದ್ರೂ ಏನೂ ತೊಂದ್ರೆ ಇಲ್ಲ. ರಾತ್ರಿ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ರೆ ಬೆಳಿಗ್ಗೆಗೆ ಕರಗಿರುತ್ತೆ, ಹೊರಗಿಟ್ಟು ಕರಗಿಸಬೇಡಿ. ಗಾಳಿ ತೆಗೆದು ಸೀಲ್ ಮಾಡಿದ ಪ್ಯಾಕ್ ಆದ್ರೆ ಕರಗಿಸೋಕೆ ಮುಂಚೆನೇ ಕತ್ತರಿಸಿ ತೆರೆದಿಡಿ, ಗಾಳಿ ಇಲ್ಲದ ಕಡೆ ಬೆಳೆದು ವಿಷ ಮಾಡೋ ಬ್ಯಾಕ್ಟೀರಿಯಾ ಇರುತ್ತೆ.

ಇನ್ನೊಂದು, ಇದು ಡಾಲ್ಫಿನ್ನಾ ಅಂತ ಸುಮಾರು ಜನ ಹೆದರಿ ಕೇಳ್ತಾರೆ. ಅಲ್ಲ. ಇಂಗ್ಲಿಷಲ್ಲಿ ಡಾಲ್ಫಿನ್ ಫಿಶ್ ಅಂತಾನೂ ಕರೀತಾರೆ ಅಷ್ಟೇ, ಡಾಲ್ಫಿನ್ ಹಾಲೂಡಿಸೋ ಪ್ರಾಣಿ, ಇದು ಮೀನು. ಮಾಹಿಮಾಹಿ ಅನ್ನೋದು ಹವಾಯಿ ಭಾಷೆಯ ಹೆಸರು.

ಮಿಕ್ಕಿದ್ದನ್ನ ಮತ್ತೆ ಬಿಸಿ ಮಾಡಬೇಡಿ, ಎರಡನೇ ಸಲ ಬಿಸಿ ತಾಗಿದ್ರೆ ಇದ್ದಬದ್ದ ರಸವೂ ಹೋಗುತ್ತೆ. ಫ್ರಿಜ್‌ನಿಂದ ತೆಗೆದು ತಣ್ಣಗಿರುವಾಗಲೇ ಕೈಯಲ್ಲಿ ಬಿಡಿಸಿ, ಹಸಿ ಈರುಳ್ಳಿ, ನಿಂಬೆ, ಒಂಚೂರು ಎಣ್ಣೆ ಹಾಕಿ ಕಲಸಿ, ಅವತ್ತೇ ಖಾಲಿ ಮಾಡಿ.