ಆಟದೊಳಗಿನ ಹೊಲಕ್ಕೆ ಅಪ್ಪ ಬಂದ ದಿನ

ಮಣ್ಣೆತ್ತಿನ ಅಮಾವಾಸ್ಯೆಗೆ ಅಪ್ಪ ನವಲಗುಂದ ಕಡೆಯಿಂದ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದ. ಕೈಯಲ್ಲೊಂದು ಚೀಲ, ಅದರ ತುಂಬ ನಮ್ಮ ಹೊಲದ ಎರೆಮಣ್ಣು. ದುರ್ಗದಬೈಲಿನಲ್ಲಿ ಬಣ್ಣ ಹಚ್ಚಿದ ಎತ್ತುಗಳೇ ಸಿಗುತ್ತವೆ ಎಂದರೆ, "ಅವು ಯಾರ ಹೊಲದ ಮಣ್ಣೋ ಏನೋ" ಅಂದ. ಪಡಸಾಲೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು, ಮಣ್ಣು ನಾದಿ, ಎತ್ತು ಮಾಡುತ್ತ ಕುಳಿತ. ಅಡುಗೆಮನೆಯಲ್ಲಿ ಅವ್ವ ಮತ್ತು ನನ್ನ ಹೆಂಡತಿ ಕಡುಬಿನ ತಯಾರಿಯಲ್ಲಿದ್ದರು. ಹೊರಗೆ ಮಳೆ ಹಿಡಿದಿತ್ತು. ರಜೆ ಇದ್ದುದರಿಂದ ನಾನು ಮೂಲೆಯ ಕಂಪ್ಯೂಟರಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟ ತೆರೆದುಕೊಂಡಿದ್ದೆ.

ಅಪ್ಪನ ಮುಂದೆ ನಾನು ಅಷ್ಟಾಗಿ ಆಡಿದವನಲ್ಲ. ಹೈಸ್ಕೂಲಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹಾಕಿದಾಗ ಹತ್ತಿದ ಹುಚ್ಚು ಇದು. ಮೊದಲು ಕೈಗೆ ಸಿಕ್ಕಿದ್ದು ಪ್ರಿನ್ಸ್ ಆಫ್ ಪರ್ಷಿಯಾ. ಅರುವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ಅದರ ವಿಡಿಯೊ ತೆಗೆದು, ಚಿತ್ರದ ಮೇಲೆ ಚಿತ್ರ ತಿದ್ದಿ 1989ರಲ್ಲಿ ಹೊರತಂದ ಆಟ ಅದು. ಅದಕ್ಕೇ ಓಡುತ್ತಿರುವ ರಾಜಕುಮಾರನಿಗೆ ನಿಲ್ಲು ಎಂದರೆ ಅವನು ತಟ್ಟನೆ ನಿಲ್ಲುವುದಿಲ್ಲ, ಜಾರಿ, ತೂಕ ಸಂಭಾಳಿಸಿಕೊಂಡು ನಿಲ್ಲುತ್ತಾನೆ. ಕಂದಕದ ಅಂಚಿನಲ್ಲಿ ಆ ಒಂದು ಜಾರು ಹೆಜ್ಜೆಗೆ ನಾನು ಎಷ್ಟು ಸಲ ಸತ್ತಿದ್ದೇನೋ. ಮೈಗೆ ಭಾರವಿದೆ ಎಂಬುದು ಆ ಆಟಕ್ಕೆ ಗೊತ್ತಿತ್ತು. ಆಮೇಲೆ ಆಡಿದ ಎಷ್ಟೋ ಚೆಂದದ ಆಟಗಳಿಗೆ ಗೊತ್ತಿರಲಿಲ್ಲ.

ಆಮೇಲೆ ಬಂದದ್ದು ರಾಜ್ಯ ಕಟ್ಟಿ ಯುದ್ಧ ಮಾಡುವ ಆಟ, ಏಜ್ ಆಫ್ ಎಂಪೈರ್ಸ್‌ನ ಎರಡನೆಯ ಭಾಗ, 1999ರದು. ಅದರಲ್ಲೂ ಹೊಲ ಇದೆ. 60 ಕಟ್ಟಿಗೆ ಕೊಟ್ಟರೆ ಒಂದು ಹೊಲ, ಆ ಹೊಲದಿಂದ 175 ಆಹಾರ. ತೀರಿದ ಮೇಲೆ ಹೊಲ ಬರಡಾಗುತ್ತದೆ, ಮತ್ತೆ 60 ಕಟ್ಟಿಗೆ ಇಡಬೇಕು. ಕಾಲೇಜಿನ ದಿನಗಳಲ್ಲಿ ರಾತ್ರಿಯಿಡೀ ಆಡಿದ್ದೇನೆ, ಒಂದು ದಿನವೂ ಆ ಹೊಲದತ್ತ ಹೊಲ ಎಂದು ಕಣ್ಣು ಹಾಯಿಸಲಿಲ್ಲ. ಸೈನ್ಯಕ್ಕೆ ಬೇಕಾದ ಕೂಳಿನ ಲೆಕ್ಕ, ಅಷ್ಟೇ ಆಗಿತ್ತು ಅದು. ಒಕ್ಕಲಿಗನ ಮಗನಾಗಿ ಇದನ್ನು ಬರೆಯುವಾಗ ಈಗ ಮನಸ್ಸಿಗೆ ಚುಚ್ಚುತ್ತದೆ. ಯುರೋ ಟ್ರಕ್ ಸಿಮ್ಯುಲೇಟರ್‌ನಲ್ಲಿ ಮಳೆಯ ರಾತ್ರಿ ವೈಪರಿನ ಸದ್ದು ಕೇಳುತ್ತ ಲಾರಿ ಹೊಡೆಯುವುದು ಇವತ್ತಿಗೂ ನನಗೆ ಇಷ್ಟ. ಆದರೆ ಮನೆಗೆ ಬಂದಂತೆ ಅನಿಸಿದ್ದು ಸ್ಟಾರ್‌ಡ್ಯೂದಲ್ಲಿ ಮಾತ್ರ.

ಅಪ್ಪ ಎತ್ತಿನ ಡುಬ್ಬ ತೀಡುತ್ತ ತಲೆ ಎತ್ತಿದ.

"ಅದೇನೋ ತಮ್ಮಾ, ಹೊಲ ಏನದು?"

"ಹೌದಪ್ಪ, ಒಕ್ಕಲುತನದ ಆಟ."

"ಎತ್ತ ಎಲ್ಲಿ ಅದಾವ?"

ಎತ್ತಿಲ್ಲ. ಆಕಳು ಸಾಕಬಹುದು, ಕೋಳಿ ಸಾಕಬಹುದು, ಮುಂದೆ ಕುದುರೆಯೂ ಸಿಗುತ್ತದೆ. ಉಳುವ ಎತ್ತು ಮಾತ್ರ ಇಲ್ಲ. ಗುದ್ದಲಿ ಹಿಡಿದು ಒಂದೊಂದೇ ಚೌಕ ಅಗೆಯಬೇಕು. ನೂರಾರು ತಾಸು ಆಡಿದ ನನಗೆ ಅದು ಕೊರತೆ ಎಂದು ಹೊಳೆದೇ ಇರಲಿಲ್ಲ. ಕೈಯಲ್ಲಿ ಎತ್ತು ಹಿಡಿದು ಕೂತವನಿಗೆ ಮೊದಲು ಕಂಡದ್ದೇ ಅದು.

ಆಮೇಲೆ ಮೂಲೆಯ ಹಸಿರು ಪಟ್ಟಿ ಕೇಳಿದ. ಅದು ಒಕ್ಕಲಿಗನ ತ್ರಾಣ, ಶುರುವಿಗೆ 270 ಇರುತ್ತದೆ, ಗುದ್ದಲಿ ಒಮ್ಮೆ ಬೀಸಿದರೆ ಎರಡು ಇಳಿಯುತ್ತದೆ, ಪೂರ್ತಿ ತೀರಿದರೆ ಕಾಲೆಳೆದುಕೊಂಡು ನಡೆಯುತ್ತಾನೆ, ರಾತ್ರಿ ಎರಡು ಗಂಟೆಯತನಕ ಮಲಗದಿದ್ದರೆ ಇದ್ದಲ್ಲೇ ಬೀಳುತ್ತಾನೆ ಎಂದೆ. ಅಪ್ಪ ಮಣ್ಣಿನ ಕೈ ಹಾಗೇ ಹಿಡಿದು ಪರದೆ ನೋಡಿದ.

"ಇದನ್ನ ಮಾಡಿದಾಂವಗ ದಣಿವು ಗೊತ್ತೈತಿ."

ಮಾಡಿದವನು ಎರಿಕ್ ಬ್ಯಾರೋನ್ ಎಂಬ ಅಮೆರಿಕದ ಹುಡುಗ, ಚಿತ್ರ, ಸಂಗೀತ, ಪ್ರೋಗ್ರಾಮಿಂಗ್, ಮಾತು ಎಲ್ಲವನ್ನೂ ಒಬ್ಬನೇ ಮಾಡಿದ, ನಾಲ್ಕು ವರ್ಷಕ್ಕಿಂತ ಹೆಚ್ಚು ಹಿಡಿಯಿತು, ಆ ದಿನಗಳಲ್ಲಿ ಸಿಯಾಟಲ್ ಪಟ್ಟಣದ ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ ಮಾಡಿಕೊಂಡಿದ್ದ, 2016ರಲ್ಲಿ ಆಟ ಹೊರಬಂತು ಎಂದು ಹೇಳಿದೆ. ಅಪ್ಪ "ಒಬ್ಬನ?" ಅಂತ ಎರಡು ಸಲ ಕೇಳಿದ. ಆಳು ಸಿಗದ ವರ್ಷ ಹತ್ತಿ ಬಿಡಿಸಲು ಅವನೂ ಅವ್ವನೂ ಇಬ್ಬರೇ ಬೆಳಕು ಹರಿಯುವ ಮೊದಲು ಹೊಲಕ್ಕೆ ಹೋಗುತ್ತಿದ್ದುದು ನನಗೆ ನೆನಪಿದೆ.

"ಮಾಲು ಎಲ್ಲಿಗೆ ಒಯ್ತಾರ?" ಎಂದ. ಮನೆ ಮುಂದಿನ ಪೆಟ್ಟಿಗೆಯಲ್ಲಿ ಹಾಕಿ ಮಲಗಿದರೆ ಬೆಳಿಗ್ಗೆ ರೊಕ್ಕ ಬಂದಿರುತ್ತದೆ. ಪಾರ್ಸ್ನಿಪ್ ಎಂಬ ಬಿಳಿ ಗಜ್ಜರಿಯಂಥ ಗಡ್ಡೆಗೆ 35. ಇವತ್ತೂ 35, ಮುಂದಿನ ವರ್ಷವೂ 35. ಒಳ್ಳೆಯ ಗಡ್ಡೆಯಾದರೆ ಸ್ವಲ್ಪ ಹೆಚ್ಚು.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. "ಇದೊಂದು ಖರೇ ಅಲ್ಲ ನೋಡು" ಅಂದ ಕಡೆಗೆ. ಹೆಸರು ಬಿತ್ತುವಾಗ ಒಂದು ದರ, ಚೀಲ ಹೇರಿಕೊಂಡು ಹೋದಾಗ ಇನ್ನೊಂದು, ಇದನ್ನು ಉಂಡವನ ಮಾತು ಅದು. ನನಗೂ ಈಗ ಹಾಗೇ ಅನಿಸುತ್ತದೆ. ದಣಿವನ್ನು ಅಷ್ಟು ಹತ್ತಿರದಿಂದ ಕಂಡ ಆಟ ದರದ ಕಡೆ ಬೆನ್ನು ತಿರುಗಿಸಬಾರದಿತ್ತು.

"ನೀನs ಆಡ್ತೀಯೇನಪ್ಪ?" ಎಂದೆ. ಕೈ ತೊಳೆದು ಬಂದ. ಉಗುರಿನ ಸಂದಿಯಲ್ಲಿ ಎರೆಮಣ್ಣು ಹಾಗೇ ಇತ್ತು. ಆ ಅಂಗೈಯೊಳಗೆ ಮೌಸ್ ಮುಚ್ಚಿಯೇ ಹೋಯಿತು. ಹೊಸ ಆಟ ಶುರುಮಾಡಿದೆ. ನಡೆಸುವ ಕೀಲಿಗಳು ನನ್ನವು, ಗುದ್ದಲಿ ಬೀಸುವ ಕ್ಲಿಕ್ ಅವನದು.

ಮೊದಲ ದಿನ ಊರ ಹಿರಿಯ 15 ಪಾರ್ಸ್ನಿಪ್ ಬೀಜ ಕಾಣಿಕೆ ಇಟ್ಟಿರುತ್ತಾನೆ. ನಾನಾಗಿದ್ದರೆ ಆಗಲೇ ಅಗೆದು, ಬಿತ್ತಿ, ನೀರು ಹನಿಸಿ ಮುಗಿಸುತ್ತಿದ್ದೆ. ಅಪ್ಪ ಕೇಳಲಿಲ್ಲ.

"ಒಣಾ ಮಣ್ಣಾಗ ಬೀಜ ಚೆಲ್ತಾರೇನು? ಹದ ಬರ್ಲಿ."

ಆ ದಿನವಿಡೀ ಕಲ್ಲು ಆರಿಸಿದ, ಕಸ ತೆಗೆದ. ಎರಡನೆಯ ದಿನ ಆಟದೊಳಗಿನ ಟೀವಿಯಲ್ಲಿ ನಾಳೆ ಮಳೆ ಎಂದು ಬಂತು. ಓದಿ ಹೇಳಿದೆ. ಮೊದಲ ವರ್ಷದ ಮೂರನೆಯ ದಿನ ಆ ಆಟದಲ್ಲಿ ಯಾವಾಗಲೂ ಮಳೆಯೇ. ಅದನ್ನು ಮಾತ್ರ ಹೇಳಲಿಲ್ಲ. ಅಪ್ಪನ ಮುಖ ನೋಡಬೇಕಿತ್ತು. ಮತ್ತೆ ಕಸ ತೆಗೆದ, ಹೊತ್ತು ಮುಳುಗುವ ಮೊದಲೇ ಮಲಗಿಸಿದ.

ಮೂರನೆಯ ಬೆಳಗು. ಪರದೆಯ ಬಣ್ಣ ಮಬ್ಬಾಯಿತು, ಸ್ಪೀಕರಿನಿಂದ ಮಳೆ ಸದ್ದು. ಕಿಟಕಿಯಾಚೆಯೂ ಅದೇ ಸದ್ದು, ಒಂದು ಕ್ಷಣ ಯಾವುದು ಎಲ್ಲಿಯದೆಂದು ತಿಳಿಯಲಿಲ್ಲ. ಗುದ್ದಲಿ ಬಿದ್ದ ಚೌಕ ಆ ಕೂಡಲೇ ಕಪ್ಪಗಾಯಿತು. "ಹಾಂ, ಈಗ ನೋಡು" ಎಂದು ಅಪ್ಪ ಮುಂದಕ್ಕೆ ಬಾಗಿದ. ಐದೈದರಂತೆ ಮೂರು ಸಾಲು ಬಿತ್ತಿದ, ಸಾಲಿನಿಂದ ಸಾಲಿಗೆ ಒಂದೊಂದು ಚೌಕ ಜಾಗ ಬಿಟ್ಟು.

"ಇದರಾಗ ಎಡಿ ಹೊಡ್ಯಾಂಗಿಲ್ಲಪ್ಪ, ಜಾಗ ಬಿಡೂದು ಬ್ಯಾಡ."

"ಇರ್ಲಿ. ಬೆಳಿಗೆ ಗಾಳಿ ಆಡಬೇಕಲ್ಲ."

ನಾಲ್ಕು ದಿನಕ್ಕೆ ಬೆಳೆ ಕೈಗೆ ಬರುತ್ತದೆ ಎಂದಾಗ ನಂಬಲಿಲ್ಲ. ಒಂದು ಹಂಗಾಮು ಅಂದರೆ ಬರೀ 28 ದಿನ, ಒಂದು ದಿನ ಅಂದರೆ ನಮ್ಮ ಹದಿನಾಲ್ಕು ನಿಮಿಷ ಎಂದು ಬಿಡಿಸಿ ಹೇಳುತ್ತಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಹುಬ್ಬಳ್ಳಿಯ ಮಳೆಗಾಲ, ಯುಪಿಎಸ್ ಇಲ್ಲದ ಕಂಪ್ಯೂಟರ್.

ಆ ಆಟ ಆಡಿದ್ದನ್ನು ಉಳಿಸಿಕೊಳ್ಳುವುದು ಅದರೊಳಗಿನ ಒಕ್ಕಲಿಗ ರಾತ್ರಿ ಮಲಗಿದಾಗ ಮಾತ್ರ. ಅಂದರೆ ಬಿತ್ತಿದ್ದೆಲ್ಲ ಹೋಯಿತು. ಹೇಳಲು ನನಗೆ ಬಾಯಿ ಬರಲಿಲ್ಲ, ಆದರೂ ಹೇಳಿದೆ. ಅಪ್ಪ ಪೇಪರಿನ ಮುಂದೆ ಕೂತು ಎರಡನೆಯ ಎತ್ತಿಗೆ ಕೋಡು ಹಚ್ಚತೊಡಗಿದ. ಆರಿದ್ರಾ ಮಳೆಗೆ "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಅನ್ನುತ್ತಾರಲ್ಲ, ಅಂಥದೊಂದು ವರ್ಷದ ಕತೆ ತೆಗೆದ. ನಾನು ಐದನೆಯ ಇಯತ್ತೆಯಲ್ಲಿದ್ದೆನಂತೆ. ಹೆಸರು ಮೊಳೆತು ಎರಡೆಲೆ ಆಗಿತ್ತು, ಮಳೆ ಕೈಕೊಟ್ಟಿತು. ಎಲ್ಲ ಹರಗಿ, ಸಾಲದಲ್ಲಿ ಬೀಜ ತಂದು ಮತ್ತೆ ಬಿತ್ತಿದ. ಎರಡನೆಯ ಬೆಳೆ ಹೂ ಬಿಡುವ ಹೊತ್ತಿಗೆ ಬೆಣ್ಣಿಹಳ್ಳ ತುಂಬಿ ಹೊಲದೊಳಗೆ ಬಂತು. "ಹೋದ ಹದ ಹೋತು" ಅಂದ, ಕೋಡಿನ ತುದಿ ಚೂಪು ಮಾಡುತ್ತ. ಆ ವರ್ಷ ನನಗೆ ನೆನಪಿರುವುದು ದೀಪಾವಳಿಗೆ ಹೊಸ ಅಂಗಿ ಬರಲಿಲ್ಲ ಎಂಬುದಷ್ಟೇ. ಯಾಕೆಂದು ಆ ದಿನ ತಿಳಿಯಿತು.

ಮುಕ್ಕಾಲು ತಾಸಿನ ಮೇಲೆ ಕರೆಂಟು ಬಂತು. ಕಂಪ್ಯೂಟರ್ ಹಚ್ಚಿ ಆಟ ತೆರೆದೆ. ಮೂರನೆಯ ದಿನ, ಬೆಳಿಗ್ಗೆ ಆರು ಗಂಟೆ. ಪರದೆ ಮಬ್ಬಾಗಿತ್ತು, ಮಳೆ ಸುರಿಯುತ್ತಿತ್ತು. ಚೀಲದಲ್ಲಿ 15 ಬೀಜ.

ಅಪ್ಪ ಎತ್ತು ಕೆಳಗಿಟ್ಟು ಎದ್ದು ಬಂದ.

"ಅದs ಮಳಿ ಏನಿದು?"

"ಹೌದಪ್ಪ, ಅದೇ."

"ಬಿದ್ದು ಹೋದ ಮಳಿ ತಿರುಗಿ ಬಂತ?"

ಕೈ ಸಹ ತೊಳೆಯದೆ ಮೌಸ್ ಹಿಡಿದ. "ತಮ್ಮಾ, ಲಗೂ ನಡಸು" ಅಂದ, "ಕರೆಂಟ್ ಹೋಗೂದ್ರಾಗ ಬಿತ್ತಿ ಮಲಗಸೂಣು ಅವನ್ನ."