ಕಂತಿನ ದಿನ ಬಿಪಿ ನೋಡಿದ್ದು

ಆಳಂದ ತಾಲ್ಲೂಕಿನ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ನಾನು ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯಾಧಿಕಾರಿ. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವುದು ನಮ್ಮ ಕೆಲಸ. ಮನೆಗೆ ಹೋದರೆ ಹೆಣ್ಣುಮಕ್ಕಳು ಸಿಗುವುದಿಲ್ಲ. ತೊಗರಿ ರಾಶಿ ಹೊತ್ತಿನಲ್ಲಂತೂ ಕೇಳಲೇಬೇಡಿ. ನಮ್ಮ ಆಶಾ ಅಕ್ಕ ಉಪಾಯ ಹೇಳಿದಳು: "ಮಂಗಳವಾರ ಮುಂಜಾನಿ ಎಲ್ಲಾರೂ ಕಂತು ಕಟ್ಟಾಕ ಗುಡಿ ಕಟ್ಟಿಗಿ ಬರ್ತಾರ್ರಿ ಸಿಸ್ಟರ್. ಅಲ್ಲೇ ಕುಂತ್ರ ಕೆಲಸ ಮುಗೀತು."

ಕುಂತೆ. ಹತ್ತೊಂಬತ್ತು ಮಂದಿಯಲ್ಲಿ ಹನ್ನೊಂದು ಮಂದಿಗೆ ಮೇಲಿನ ಅಂಕಿ 140 ದಾಟಿತ್ತು. ಒಬ್ಬಾಕೆಗೆ 172/104. ಮಷಿನ್ ಕೆಟ್ಟಿತೇನೋ ಎಂದು ನನ್ನ ತೋಳಿಗೇ ಕಟ್ಟಿ ನೋಡಿದೆ: 118/76. ಮಷಿನ್ ಸರಿಯೇ ಇತ್ತು. ಹನ್ನೊಂದೂ ಮಂದಿಗೆ ಆಸ್ಪತ್ರೆಯ ಚೀಟಿ ಬರೆದುಕೊಟ್ಟೆ.

ನಮ್ಮ ಡಾಕ್ಟರು ಪಟ್ಟಿ ನೋಡಿ ಕೇಳಿದ್ದು ಒಂದೇ ಮಾತು: "ಎಲ್ಲಿ ಕುಂದ್ರಿಸಿದ್ದಿ?" ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂಡಬೇಕು, ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಿರಬೇಕು, ಮಾತಾಡಬಾರದು. ಇದೆಲ್ಲ ನನಗೆ ಬಾಯಿಪಾಠ. ಆದರೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಂತವರು ರೊಕ್ಕ ಎಣಿಸುತ್ತ, ಎದುರಿಗಿದ್ದ ವಸೂಲಿ ಹುಡುಗನನ್ನು ನೋಡುತ್ತ ತೋಳು ಚಾಚಿದ್ದರು. 172ರಾಕೆಗೆ ಅವತ್ತು ಇನ್ನೂರು ರೂಪಾಯಿ ಕಡಿಮೆ ಬಿದ್ದಿತ್ತಂತೆ. ಗುಂಪಿನ ಸಾಲ, ಒಬ್ಬಳದು ಬಾಕಿ ಇದ್ದರೆ ಉಳಿದವರೂ ಏಳುವ ಹಾಗಿಲ್ಲ.

ಆಮೇಲೆ ಓದುತ್ತ ಹೋದಾಗ ಸಿಕ್ಕವರು ಅಮೆರಿಕದ ವಿಜ್ಞಾನಿ ರಾಬರ್ಟ್ ಸಪೋಲ್ಸ್ಕಿ. ಕೀನ್ಯಾದ ಬಬೂನ್ ಕೋತಿಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎಷ್ಟಿದೆ ಎಂದು ವರ್ಷಗಟ್ಟಲೆ ಅಳೆದವರು. ಊದುಗೊಳವೆಯಿಂದ ಅರಿವಳಿಕೆಯ ಸೂಜಿ ಬಿಟ್ಟು ಕೋತಿಯನ್ನು ಮಲಗಿಸುತ್ತಿದ್ದರು. ಅದಕ್ಕೆ ಅವರು ಹಾಕಿಕೊಂಡ ಕಟ್ಟುನಿಟ್ಟು ನೋಡಿ ನನಗೆ ನಾಚಿಕೆಯಾಯಿತು. ಕಾರ್ಟಿಸಾಲ್ ಮುಂಜಾನೆ ಏರಿ ರಾತ್ರಿಗೆ ಇಳಿಯುವುದರಿಂದ ದಿನದ ಒಂದೇ ಹೊತ್ತಿಗೆ ಸೂಜಿ. ಕೋತಿಗೆ ಸುಳಿವು ಸಿಗಬಾರದು. ಅವತ್ತು ಜಗಳಾಡಿದ, ಕಾಯಿಲೆಬಿದ್ದ ಕೋತಿ ಬೇಡ. ಬಿದ್ದ ಮೇಲೆ ಕೆಲವೇ ನಿಮಿಷಗಳಲ್ಲಿ ರಕ್ತ ತೆಗೆಯಬೇಕು, ಇಲ್ಲವಾದರೆ ಸೂಜಿ ಚುಚ್ಚಿದ ಗಾಬರಿಯೇ ರಕ್ತಕ್ಕೆ ಇಳಿದುಬಿಡುತ್ತದೆ. ಕೋತಿಗೆ ಅಷ್ಟು ಮರ್ಯಾದೆ. ನಾನು ಜಗಳದ ಜಾಗದಲ್ಲೇ ಮಷಿನ್ ಬಿಚ್ಚಿದ್ದೆ.

ತಿಂಗಳುಗಟ್ಟಲೆಯ ಲೆಕ್ಕ ಬೇಕಾದರೆ ಕೂದಲು ಒಳ್ಳೆಯದು. ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ, ಬುಡದ 3 ಸೆಂ.ಮೀ.ನಲ್ಲಿ ಮೂರು ತಿಂಗಳ ಕಾರ್ಟಿಸಾಲ್ ಕೂತಿರುತ್ತದೆ. ಇದನ್ನು ಹೇಳಿದ್ದಕ್ಕೆ ಒಬ್ಬ ಮುದುಕಿ, "ಕೂದಲಕ್ಕ ಸ್ಟೀಲ್ ಡಬ್ಬಿ ಕೊಡ್ತೀರೇನ್ರಿ?" ಎಂದಳು. ಇನ್ನೊಬ್ಬಾಕೆ ಮಾಟದ ಭಯಕ್ಕೆ ಸೆರಗು ಹೊದ್ದುಕೊಂಡಳು.

ಮುಂದಿನ ಗುರುವಾರ ಅಂಗನವಾಡಿಯಲ್ಲಿ ಕುರ್ಚಿ ಹಾಕಿ ಹನ್ನೊಂದೂ ಮಂದಿಯನ್ನು ಮತ್ತೆ ನೋಡಿದೆ. ಏಳು ಮಂದಿಯದು ಇಳಿದಿತ್ತು, ನಾಲ್ವರದು ಇಳಿಯಲಿಲ್ಲ. ಆ ನಾಲ್ವರಿಗೆ ಮತ್ತೊಂದು ದಿನವೂ ನೋಡಿದ ಮೇಲೆ ಗುಳಿಗಿ ಶುರುವಾಯಿತು. 172ರಾಕೆ ಆ ನಾಲ್ವರಲ್ಲಿ ಇರಲಿಲ್ಲ. ಗುರುವಾರ ಅವಳದು 134/84.

ಹಾಗಂತ ಮಂಗಳವಾರದ ಅಂಕಿ ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ವಾರಕ್ಕೊಮ್ಮೆ, ವರ್ಷಕ್ಕೆ 52 ಸಲ ಬರುವ ಮಂಗಳವಾರವನ್ನು 'ಒಂದು ದಿನದ ಗಾಬರಿ' ಎನ್ನಲಾದೀತೇ? ಬ್ರಿಟನ್ನಿನ ಸರ್ಕಾರಿ ನೌಕರರನ್ನು 1967ರಿಂದ ಗಮನಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ ದರ್ಜೆ ಇಳಿದಷ್ಟೂ ಹೃದಯಾಘಾತದ ಸಾವು ಹೆಚ್ಚಿತ್ತು. ಕೆಲಸದ ಮೇಲೆ ಹಿಡಿತ ಇಲ್ಲದವರಿಗೆ ಅಪಾಯ ಹೆಚ್ಚೆಂದು ಆಮೇಲಿನ ಸುತ್ತಿನಲ್ಲಿ ಕಂಡಿತು. ಇತ್ತ ಕೀನ್ಯಾದ ಅಂಬೋಸೆಲಿಯ ಬಬೂನ್‌ಗಳ ಲದ್ದಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡನೇ ಸ್ಥಾನದ ಗಂಡಿಗಿಂತ ಮೊದಲನೆಯದಕ್ಕೇ ಒತ್ತಡದ ಹಾರ್ಮೋನು ಹೆಚ್ಚಿತ್ತು. ಗುಂಪಿನ ಯಜಮಾನಿಕೆಗೂ ಅದರದೇ ಬೆಲೆ ಇದೆ.

ಈಗ ನನ್ನ ರಿಜಿಸ್ಟರಿನಲ್ಲಿ ಪೆನ್ನಿನಿಂದ ಗೆರೆ ಎಳೆದು ಒಂದು ಕಾಲಂ ಸೇರಿಸಿದ್ದೇನೆ: 'ಕಂತಿನ ದಿನ – ಹೌದು/ಇಲ್ಲ'. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡದ ಪ್ರಶ್ನಾವಳಿಯನ್ನೂ ಒಮ್ಮೆ ಕೇಳಿ ನೋಡಿದೆ. 'ಒತ್ತಡ' ಎಂದರೆ ಹಲವರು "ಬಿಪಿನೇನ್ರಿ?" ಎನ್ನುತ್ತಾರೆ, ಅದಕ್ಕೆ 'ಟೆನ್ಷನ್' ಎಂದೇ ಓದಿದೆ. ಬದುಕಿನ ಮುಖ್ಯ ವಿಷಯಗಳು ಕೈಮೀರಿ ಹೋಗಿವೆ ಎಂದು ಕಳೆದ ತಿಂಗಳು ಎಷ್ಟು ಸಲ ಅನಿಸಿತು ಎಂಬ ಪ್ರಶ್ನೆಗೆ 172ರಾಕೆ ನಕ್ಕಳು. "ಕೈಯಾಗ ಯಾವಾಗ ಇದ್ದವ್ರಿ ಸಿಸ್ಟರ್, ಮೀರಾಕ?"

ಒಮ್ಮೆಯೂ ಇಲ್ಲ ಎಂದು 0 ಹಾಕಬೇಕೋ, ಪದೇ ಪದೇ ಎಂದು 4 ಹಾಕಬೇಕೋ ತಿಳಿಯದೆ ಆ ಮನೆ ಖಾಲಿ ಬಿಟ್ಟಿದ್ದೇನೆ.