ಭೂಭೌತಶಾಸ್ತ್ರದ ಹುಡುಗರಿಗೆ ದುಡ್ಡು ಯಾವಾಗ ಬೇಕು?

ಕಲಬುರಗಿ ಕಡೆ ನನ್ನ ಕೆಲಸಕ್ಕೆ ಜನ ಇಟ್ಟಿರುವ ಹೆಸರು ‘ನೀರು ನೋಡೋದು’. ಕಾರ್ಡಿನ ಮೇಲೆ ಜಿಯೋಫಿಸಿಸ್ಟ್, ಅಂದರೆ ಭೂಭೌತಶಾಸ್ತ್ರಜ್ಞ ಅಂತ ಇದೆ, ಅದನ್ನು ಓದಿ ಫೋನ್ ಮಾಡಿದವರು ಯಾರೂ ಇಲ್ಲ. ಹೊಲದಲ್ಲಿ ಒಂದೇ ಸಾಲಿಗೆ ನಾಲ್ಕು ಉಕ್ಕಿನ ಕಂಬಿ ಬಡಿದು, ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುವುದು. ಹೊರಗಿನ ಕಂಬಿಗಳನ್ನು ದೂರ ಸರಿಸಿದಷ್ಟೂ ಇನ್ನಷ್ಟು ಆಳದ ಸುದ್ದಿ ಸಿಗುತ್ತದೆ. ಕೆಳಗೆ ಗಟ್ಟಿ ಕಲ್ಲಿದೆಯೋ, ನೀರು ಹಿಡಿಯುವ ಕೊಳೆತ ಕಲ್ಲಿದೆಯೋ ಎಂದು ಆ ಅಂಕಿಗಳಿಂದ ಹೇಳಬೇಕು. ಆಳಂದ, ಅಫಜಲಪುರದ ಕಡೆ ದಖ್ಖನ್ನಿನ ಕಪ್ಪು ಬಸಾಲ್ಟ್; ಚಿತ್ತಾಪುರ, ಸೇಡಂನಲ್ಲಿ ಭೀಮಾ ಕಣಿವೆಯ ಸುಣ್ಣಕಲ್ಲು, ನಾವು ಮನೆಯೊಳಗೆ ಹಾಸುವ ಶಹಾಬಾದ್ ಪರ್ಸಿ ಅದೇ; ಯಾದಗಿರಿ ದಾಟಿ ಸುರಪುರದ ಕಡೆ ಹೋದರೆ ಗ್ರಾನೈಟು. ಬೀದರಿನಲ್ಲಿ ಬಸಾಲ್ಟಿನ ತಲೆ ಮೇಲೆ ಕೆಂಪು ಜಂಬಿಟ್ಟಿಗೆ. ಭೂಭೌತಶಾಸ್ತ್ರ ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪ್ರಯೋಗಶಾಲೆ ಬೇಕಿಲ್ಲ. ಕಲಿಯಲು ಹೋಗುವವರು ಮಾತ್ರ ತೀರಾ ಕಡಿಮೆ.

ಅದಕ್ಕೇ ಕೆಲವು ವರ್ಷಗಳಿಂದ ನಮ್ಮ ಕೆಲಸದ ಗೆಳೆಯರು ಸೇರಿ ಒಂದು ಸಣ್ಣ ವಿದ್ಯಾರ್ಥಿವೇತನ ನಡೆಸುತ್ತಿದ್ದೇವೆ. ದುಡ್ಡು ಕೊಡುವವರು ಬೋರ್‌ವೆಲ್ ಗಾಡಿಯವರು, ಪಂಪ್‌ಸೆಟ್ ಅಂಗಡಿಯವರು, ಇಬ್ಬರು ಮೂವರು ದಾಲ್ ಮಿಲ್ ಮಾಲೀಕರು. ದೊಡ್ಡ ಮೊತ್ತವೇನಲ್ಲ. ಈ ಕೆಲಸ ನನಗೆ ಕಲಿಸಿದ್ದು ಒಂದು ಮಾತು: ಎಷ್ಟು ಕೊಟ್ಟೆವು ಅನ್ನುವುದಕ್ಕಿಂತ ಯಾವ ತಿಂಗಳಲ್ಲಿ ಕೊಟ್ಟೆವು ಅನ್ನುವುದು ಮುಖ್ಯ.

ಇದು ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಹುಡುಗ ಅಥವಾ ಹುಡುಗಿ ಬಿಎಸ್ಸಿಯಲ್ಲಿ ಫಿಜಿಕ್ಸು, ಮ್ಯಾಥ್ಸು ಓದಿದ್ದರೆ ಎಂಎಸ್ಸಿ ಭೂಭೌತಶಾಸ್ತ್ರಕ್ಕೆ ದಾರಿ ಇದೆ. ಹತ್ತಿರದ್ದು ಹೈದರಾಬಾದಿನ ಉಸ್ಮಾನಿಯಾ. ಆಮೇಲೆ ಖರಗ್‌ಪುರ, ಮುಂಬೈಯ ಐಐಟಿಗಳು, ಮೊದಲು ಐಎಸ್‌ಎಂ ಅಂತಿದ್ದ ಧನ್‌ಬಾದಿನ ಐಐಟಿ. ಐಐಟಿಗಳಿಗೆ ಜಾಮ್ ಅನ್ನುವ ಎಂಎಸ್ಸಿ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಫೆಬ್ರವರಿಯಲ್ಲಿ, ಫಲಿತಾಂಶ ಮಾರ್ಚಿನಲ್ಲಿ, ಸೀಟಿನ ಪಟ್ಟಿಗಳು ಬೇಸಿಗೆ ಮುಗಿಯುವ ಹೊತ್ತಿಗೆ. ಪಟ್ಟಿಯಲ್ಲಿ ಹೆಸರು ಬಂದ ಮೇಲೆ ಕೆಲವೇ ದಿನಗಳೊಳಗೆ ಸೀಟಿನ ಹಣ ಕಟ್ಟಬೇಕು. ಕಟ್ಟದಿದ್ದರೆ ಆ ಸೀಟು ಮುಂದಿನವರಿಗೆ ಹೋಗುತ್ತದೆ.

ಈಗ ನಮ್ಮ ಮನೆಗಳ ಲೆಕ್ಕ ನೋಡಿ. ತೊಗರಿ ಕೊಯ್ಲಾಗಿ ಮಾರುಕಟ್ಟೆಗೆ ಹೋಗುವುದು ಜನವರಿಯಿಂದ ಮಾರ್ಚಿನವರೆಗೆ. ಕೈಯಲ್ಲಿ ನಾಲ್ಕು ಕಾಸು ಆಡುವುದು ಆಗಲೇ. ಆ ದುಡ್ಡು ಸೊಸೈಟಿ ಸಾಲಕ್ಕೆ, ಮದುವೆಗೆ, ಆಸ್ಪತ್ರೆಗೆ ಹೋಗಿ, ಮೇ ಕೊನೆಗೆ ಉಳಿದದ್ದು ಬೀಜಕ್ಕೆ, ಡಿಎಪಿ ಚೀಲಕ್ಕೆ ಹೋಗುತ್ತದೆ. ಜೂನಿನಲ್ಲಿ ಮೃಗಶಿರಾ ಮಳೆ ನೋಡಿ ಬಿತ್ತಬೇಕು. ಮನೆಯಲ್ಲಿ ಪೈಸೆ ಇಲ್ಲದ ತಿಂಗಳಿಗೇ ಸೀಟಿನ ಹಣ, ಹಾಸ್ಟೆಲ್ ಠೇವಣಿ, ಮೆಸ್ ಮುಂಗಡ, ವಾಡಿ ಜಂಕ್ಷನ್ನಿನಿಂದ ರೈಲಿನ ಟಿಕೆಟ್ಟು, ಒಂದು ಹಾಸಿಗೆ, ಒಂದು ಬಕೆಟ್ಟು ಎಲ್ಲಾ ಒಟ್ಟಿಗೆ ಬಂದು ನಿಲ್ಲುತ್ತವೆ. ಸುರಪುರ ಕಡೆಯ ಒಬ್ಬ ಹುಡುಗನ ಅಪ್ಪ ನನ್ನೆದುರೇ ಲೆಕ್ಕ ಹಾಕಿದ್ದರು: ‘ಗೊಬ್ಬರ ಒಯ್ದು ವಾಪಸ್ ಕೊಟ್ರ ತಗೋತಾರೇನ್ರಿ ಅಂಗಡ್ಯಾವ್ರು?’ ಅವರು ತಮಾಷೆ ಮಾಡುತ್ತಿರಲಿಲ್ಲ. ಚೀಲಗಳು ಪಡಸಾಲೆಯಲ್ಲೇ ಇದ್ದವು, ಹೊಲಿಗೆ ಬಿಚ್ಚಿರಲಿಲ್ಲ.

ಸರ್ಕಾರದ ವಿದ್ಯಾರ್ಥಿವೇತನ ಇಲ್ಲವೇ? ಇವೆ, ಒಳ್ಳೆಯವೇ ಇವೆ. ರಾಜ್ಯದ್ದು ಎಸ್‌ಎಸ್‌ಪಿ ಪೋರ್ಟಲ್ಲಿನಿಂದ ಬರುತ್ತದೆ. ಕೇಂದ್ರದ ತೈಲ ಕಂಪನಿ ಒಎನ್‌ಜಿಸಿಯ ವಿದ್ಯಾರ್ಥಿವೇತನದಲ್ಲಿ ಎಂಜಿನಿಯರಿಂಗ್, ಎಂಬಿಬಿಎಸ್ ಜೊತೆಗೆ ಭೂವಿಜ್ಞಾನ, ಭೂಭೌತಶಾಸ್ತ್ರದ ಸ್ನಾತಕೋತ್ತರ ಓದೂ ಸೇರಿದೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ವರ್ಷಕ್ಕೆ 48,000 ರೂಪಾಯಿಯಂತೆ ಕೊಡುತ್ತಾ ಬಂದಿದೆ. ಇದು ನಮ್ಮ ಭಾಗದ ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಗೊತ್ತಿದ್ದವರು ದಯವಿಟ್ಟು ನಾಲ್ಕು ಜನರಿಗೆ ಹೇಳಿ. ಆದರೆ ಇವೆಲ್ಲಕ್ಕೂ ಮೊದಲ ಕಾಗದವೇ ಪ್ರವೇಶ ಆದದ್ದರ ಕಾಗದ. ಒಳಗೆ ಕಾಲಿಟ್ಟವರಿಗೆ ಸಹಾಯ ಉಂಟು, ಹೊಸ್ತಿಲ ಹೊರಗೆ ನಿಂತವರಿಗೆ ಇಲ್ಲ. ಇನ್ನು 371ಜೆ ಅಂತ ನಾವು ದಿನಾ ಹೇಳಿಕೊಳ್ಳುತ್ತೇವಲ್ಲ, ಕಲ್ಯಾಣ ಕರ್ನಾಟಕದ ಆ ಮೀಸಲಾತಿ ನಮ್ಮ ರಾಜ್ಯದೊಳಗಿನ ಸೀಟಿಗೆ, ನೌಕರಿಗೆ. ಧನ್‌ಬಾದಿನ ಗೇಟಿನಲ್ಲಿ ಆ ಪ್ರಮಾಣಪತ್ರ ತೋರಿಸಿದರೆ ಉಪಯೋಗವಿಲ್ಲ.

ಹಾಗಾಗಿ ನಮ್ಮ ದುಡ್ಡು ಆ ಹೊಸ್ತಿಲಿಗೆ ಮಾತ್ರ ಅಂತ ಮಾಡಿಕೊಂಡೆವು. ಎರಡು ವರ್ಷದ ಫೀಸು ನಾವು ಕಟ್ಟುವುದಿಲ್ಲ. ಜಾಮ್ ಅರ್ಜಿಯ ಹಣ, ಪರೀಕ್ಷೆಗೆ ಹೋಗಿ ಬರುವ ಖರ್ಚು, ಸೀಟಿನ ಹಣ, ಮೊದಲ ತಿಂಗಳ ಊಟ. ಸೀಟಿನ ಹಣವನ್ನು ವಿದ್ಯಾರ್ಥಿಯ ಜೊತೆ ಕೂತು ನೇರವಾಗಿ ಸಂಸ್ಥೆಗೇ ಕಟ್ಟುತ್ತೇವೆ. ಅರ್ಜಿ ಅಂದರೆ ಒಂದೇ ಹಾಳೆ. ಆದಾಯ ಪ್ರಮಾಣಪತ್ರ ಆಮೇಲೆ ತಂದರೂ ಆಗುತ್ತದೆ, ಯಾಕಂದರೆ ನಾಡಕಚೇರಿಯ ಸರ್ವರ್ ನಮ್ಮ ಕೊನೆ ದಿನಾಂಕ ನೋಡಿ ಕೆಲಸ ಮಾಡುವುದಿಲ್ಲ.

ಕೊಡುವವರ ಕಡೆಗೂ ಒಂದು ಕಾಲ ಇದೆ. ಬೋರ್ ಗಾಡಿಗಳಿಗೆ ಸುಗ್ಗಿ ಫೆಬ್ರವರಿಯಿಂದ ಮೇ. ಬಾವಿ ಬತ್ತಿದಾಗಲೇ ತಾನೆ ಜನ ಕೊರೆಸುವುದು. ತಮಿಳುನಾಡಿನ ತಿರುಚೆಂಗೋಡಿನ ಗಾಡಿಗಳು ಕೂಡ ಇಲ್ಲಿ ರಾತ್ರಿ ಹಗಲು ಓಡುತ್ತವೆ. ದಾಲ್ ಮಿಲ್ಲಿಗೂ ಅದೇ ಹೊತ್ತು. ದೀಪಾವಳಿಗೆ ಹೋಗಿ ಕೇಳಿದರೆ ಚಹಾ ಕೊಡುತ್ತಾರೆ, ಮಾರ್ಚಿನಲ್ಲಿ ಕೇಳಿದರೆ ದುಡ್ಡು ಕೊಡುತ್ತಾರೆ. ಮಾರ್ಚಿನಲ್ಲಿ ಕೂಡಿಸಿ ಜೂನಿನಲ್ಲಿ ಖರ್ಚು ಮಾಡುವುದು, ಮಧ್ಯೆ ಮೂರು ತಿಂಗಳು ಬ್ಯಾಂಕಿನಲ್ಲಿ ಇಡುವುದು. ರಂಜಾನಿನಲ್ಲಿ ಜಕಾತ್ ತೆಗೆಯುವ ಒಬ್ಬ ಪೈಪ್ ವ್ಯಾಪಾರಿ ಇದ್ದಾರೆ. ಅವರ ದುಡ್ಡಿಗೆ ಯಾರಿಗೆ ಸಲ್ಲಬೇಕೆಂಬ ಅವರದೇ ನಿಯಮ ಇರುತ್ತದೆ, ಅದಕ್ಕೆ ಬೇರೆ ಲೆಕ್ಕ ಇಟ್ಟಿದ್ದೇವೆ.

ಬೋರ್ ಗಾಡಿಯವರ ಹತ್ತಿರ ಬಡ ಮಕ್ಕಳ ಓದು ಅಂತ ಹೇಳಿದರೆ ಕೇಳುತ್ತಾರೆ, ಆದರೆ ಒಂದು ಸಲ ಕೊಟ್ಟು ಮುಗಿಸುತ್ತಾರೆ. ಪ್ರತಿ ಬೋರಿಗೆ ಇಷ್ಟು ಅಂತ ತೆಗೆದಿಡಿ ಅಂದಾಗ ಅದು ವ್ಯಾಪಾರದ ಭಾಷೆ ಆಯಿತು. ಹುಮನಾಬಾದ್ ರಸ್ತೆಯ ಒಬ್ಬ ಗಾಡಿ ಮಾಲೀಕರು ಚೌಕಾಸಿ ಶುರು ಮಾಡಿದರು. ‘ನೀರು ಬಿದ್ದ ಬೋರಿಗೆ ಕೊಡ್ತೀನ್ರಿ. ಬರೇ ಧೂಳು ಹಾರಿದ ಬೋರಿಗೆ ಯಾಕ ಕೊಡ್ಲಿ?’

‘ಧೂಳು ಹಾರಿದ್ದಕ್ಕೇ ಮೊದಲು ಕೊಡ್ರಿ,’ ಅಂದೆ. ‘ಅಲ್ಲೇ ಓದಿದವನ ಕೆಲಸ ಇತ್ತು.’

ಅವರು ಬಿಡುವ ಗಿರಾಕಿಯಲ್ಲ. ‘ಹಂಗಾರ ನಮ್ಮೂರಾಗ ಅಂಗೈ ಮ್ಯಾಲ ತೆಂಗಿನಕಾಯಿ ಇಟ್ಕೊಂಡು ನೀರ ತೋರಸೋ ಮುತ್ಯಾ ಏನ್ ಮಾಡ್ಬೇಕ್ರಿ?’ ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುತ್ಯಾನಿಗೆ ನನಗಿಂತ ಹೆಚ್ಚು ಗಿರಾಕಿಗಳಿದ್ದಾರೆ. ಆದರೂ ಎರಡೂ ಥರದ ಬೋರಿಗೆ ಒಂದೇ ದರ ಅಂತ ಒಪ್ಪಿದರು, ಈಗಲೂ ಕೊಡುತ್ತಾರೆ.

ಠೇವಣಿ ಇಟ್ಟು ಬಡ್ಡಿಯಲ್ಲಿ ನಡೆಸಿ ಅನ್ನುವ ಸಲಹೆ ಬರುತ್ತಲೇ ಇರುತ್ತದೆ. ಹೆಸರು ಶಾಶ್ವತವಾಗಿ ಉಳಿಯುತ್ತದೆ ಅನ್ನುವುದು ಅದರ ಆಕರ್ಷಣೆ. ಐದು ಲಕ್ಷ ಇಟ್ಟರೆ ನೂರಕ್ಕೆ ಏಳರ ಬಡ್ಡಿಯಲ್ಲಿ ವರ್ಷಕ್ಕೆ 35,000. ಒಬ್ಬ ವಿದ್ಯಾರ್ಥಿಯ ಜೂನ್ ತಿಂಗಳು ದಾಟಬಹುದು, ಅಷ್ಟೇ. ಅದೇ ಐದು ಲಕ್ಷವನ್ನು ನಾಲ್ಕೈದು ವರ್ಷದಲ್ಲಿ ಖರ್ಚು ಮಾಡಿದರೆ ಒಂದು ಜೀಪಿನ ತುಂಬ ಜನ ಹೊರಗೆ ಬರುತ್ತಾರೆ. ದತ್ತಿ ಚಿನ್ನದ ಪದಕಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. ಘಟಿಕೋತ್ಸವದಲ್ಲಿ ಒಬ್ಬರೇ ಹತ್ತು ಪದಕ ಕೊರಳಿಗೆ ಹಾಕಿಕೊಂಡು ಪೇಪರಿನಲ್ಲಿ ಬರುವುದು ಚೆಂದವೇ. ಆದರೆ ಅದು ಓದು ಮುಗಿಸಿದವರಿಗೆ ಸಿಗುವ ದುಡ್ಡು. ಓದು ಶುರು ಮಾಡಲಾಗದವರ ಹೆಸರು ಆ ಪಟ್ಟಿಗೆ ಬರುವುದೇ ಇಲ್ಲ.

ದೊಡ್ಡ ಮಟ್ಟದಲ್ಲಿ ಇದನ್ನು ಮಾಡುವವರೂ ಇದ್ದಾರೆ. ಅಮೆರಿಕದ ಸೊಸೈಟಿ ಆಫ್ ಎಕ್ಸ್‌ಪ್ಲೊರೇಶನ್ ಜಿಯೋಫಿಸಿಸಿಸ್ಟ್ಸ್ ಸಂಘ 1930ರಲ್ಲಿ ಶುರುವಾದದ್ದು. ಇದೇ ವೃತ್ತಿಯವರು, ಕಂಪನಿಗಳು ಕೊಟ್ಟ ದೇಣಿಗೆಯಿಂದ ಅದರ ವಿದ್ಯಾರ್ಥಿವೇತನಗಳು ನಡೆಯುತ್ತವೆ. ಬಡ ಪ್ರದೇಶಗಳಲ್ಲಿ ನೀರು ಹುಡುಕಲು, ಭೂಕಂಪ, ಸುನಾಮಿಯಂಥ ಅಪಾಯ ಅಳೆಯಲು ಅದು 2008ರಲ್ಲಿ ಇನ್ನೊಂದು ಯೋಜನೆ ಆರಂಭಿಸಿತು, ವಿದ್ಯಾರ್ಥಿಗಳನ್ನೂ ಆ ಕೆಲಸಕ್ಕೆ ಇಳಿಸುತ್ತದೆ. ಅದಕ್ಕೆ ಮೊದಲ ದೊಡ್ಡ ದೇಣಿಗೆ ಬಂದದ್ದು ಶ್ಲಂಬರ್ಜರ್ ಕಂಪನಿಯಿಂದ. ನಾವು ಆಳಂದದ ಹೊಲದಲ್ಲಿ ನಾಲ್ಕು ಕಂಬಿ ಹುಗಿಯುವ ಪದ್ಧತಿಗಿರುವ ಹೆಸರೂ ಆ ಕಂಪನಿ ಕಟ್ಟಿದ ಅಣ್ಣತಮ್ಮಂದಿರದ್ದೇ. ಈ ವಿದ್ಯೆಯಿಂದ ಉಂಡವರು ಈ ವಿದ್ಯೆಗೆ ಕೊಡುತ್ತಾರೆ ಅನ್ನುವುದನ್ನು ಗಾಡಿ ಮಾಲೀಕರಿಗೆ ಹೇಳಲು ನನಗೆ ಇದೊಂದು ಉದಾಹರಣೆ ಸಾಕು.

ಯಾರಿಗೆ ಕೊಡಬೇಕು ಅನ್ನುವುದು ಕಷ್ಟದ ಭಾಗ. ದಾನಿಗಳು ಕೇಳುವುದು ‘ಟಾಪರ್ ಯಾರಿದ್ದಾರ?’ ಟಾಪರುಗಳಿಗೆ ಕೊಡುವವರು ಬೇರೆ ಇದ್ದಾರೆ. ನಮಗೆ ಬೇಕಾದವರು ಅರವತ್ತು, ಅರವತ್ತೈದು ತೆಗೆದು, ಬಿಎಡ್ ಮಾಡಿ ಮೇಷ್ಟ್ರಾಗೋಣ ಅಂತಿರುವವರು. ಅವರಿಗೆ ಇಂಥ ಒಂದು ವಿಷಯ ಇದೆ ಎಂದೇ ಗೊತ್ತಿರುವುದಿಲ್ಲ. ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ 2021ರ ಅಕ್ಟೋಬರಿನಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿ ಜನ ಊರು ಬಿಡತೊಡಗಿದಾಗ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನವರು ಬಂದು ಕಂಪನ ಅಳೆಯುವ ಯಂತ್ರ ಇಟ್ಟರು. ಹಿರಿಯರಿಗೆ 1993ರ ಕಿಲ್ಲಾರಿ ಭೂಕಂಪ ನೆನಪಾಯಿತು. ಬೀದರಿನ ಪಕ್ಕದ ಲಾತೂರ್ ಜಿಲ್ಲೆಯ ಆ ರಾತ್ರಿಯನ್ನು ಈ ಭಾಗದಲ್ಲಿ ಮರೆತವರಿಲ್ಲ. ಆ ಕಡೆಯ ಒಬ್ಬ ಡಿಗ್ರಿ ಹುಡುಗಿ ಆಮೇಲೆ ನನ್ನನ್ನು ಕೇಳಿದ್ದು ಭೂಕಂಪದ ಬಗ್ಗೆ ಅಲ್ಲ, ‘ಆ ಮಷೀನ್ ತಂದವರು ಏನು ಓದಿರ್ತಾರ ಸರ್?’ ಅಂತ. ಒಳ್ಳೆಯ ಪ್ರಶ್ನೆ. ಭಾಷಣದಿಂದ ಹುಟ್ಟುವ ಪ್ರಶ್ನೆ ಅಲ್ಲ ಅದು.

ಆದ್ದರಿಂದ ಆಯ್ಕೆಗೆ ಸಂದರ್ಶನ ಬಿಟ್ಟು ಹೊಲಕ್ಕೇ ಕರೆಯುತ್ತೇವೆ. ಒಮ್ಮೊಮ್ಮೆ ಬೀದರಿನ ನೌಬಾದಿಗೆ. ಬಹಮನಿ ಕಾಲದ ಸುರಂಗ ಬಾವಿ ಅಲ್ಲಿದೆ. ತೂತಿರುವ ಜಂಬಿಟ್ಟಿಗೆಯಿಂದ ಇಳಿದ ನೀರು ಕೆಳಗಿನ ಬಸಾಲ್ಟಿಗೆ ತಡೆದು ಹರಿಯುವ ಸಂದನ್ನೇ ಹಿಡಿದು ತೋಡಿದ್ದಾರೆ. ಕಲ್ಲಿನ ಗುಣ ನೀರನ್ನು ಹೇಗೆ ನಡೆಸುತ್ತದೆ ಅಂತ ತೋರಿಸಲು ಪುಸ್ತಕವೇ ಬೇಡ. ಆಮೇಲೆ ಎರಿ ಹೊಲದಲ್ಲಿ ಮೀಟರ್ ಕೊಡುತ್ತೇವೆ. ಏಪ್ರಿಲಿನಲ್ಲಿ ಎರಿ ಭೂಮಿ ಬಾಯಿ ಬಿಟ್ಟಿರುತ್ತದೆ, ಕಂಬಿಗೆ ಮಣ್ಣು ಹಿಡಿಯುವುದಿಲ್ಲ, ಕರೆಂಟು ಹೋಗುವುದಿಲ್ಲ, ಅಂಕಿ ಕುಣಿಯುತ್ತದೆ. ಬಹಳ ಜನ ಕುಣಿಯುವ ಅಂಕಿಯನ್ನೇ ಬರೆದುಬಿಡುತ್ತಾರೆ. ಒಬ್ಬ ಹುಡುಗಿ ಬರೆಯಲಿಲ್ಲ. ಬಾಟಲಿಯ ಉಪ್ಪು ನೀರು ಒಯ್ದು ಕಂಬಿಯ ಬುಡಕ್ಕೆ ಹೊಯ್ದು, ಕಾಲಿನಿಂದ ಮಣ್ಣು ತುಳಿದು, ಮತ್ತೆ ಬಂದು ಓದಿದಳು. ಗ್ರಾಫ್ ಹಾಳೆಯಲ್ಲಿ ಒಂದು ಚುಕ್ಕೆ ಸಾಲು ಬಿಟ್ಟು ಕೂತದ್ದನ್ನು ಕಂಡು, ‘ಇದೊಂದು ಇನ್ನೊಮ್ಮೆ ತಗೋಬೇಕ್ರಿ ಸರ್’ ಅಂದಳು. ಅವಳ ಅಂಕಪಟ್ಟಿ ನೋಡುವ ಅಗತ್ಯ ನಮಗೆ ಬೀಳಲಿಲ್ಲ.

ಮನೆಯವರು ಕೇಳುವ ಪ್ರಶ್ನೆ ಒಂದೇ, ನೌಕರಿ ಸಿಗುತ್ತದಾ? ಜಿಯೋಲಾಜಿಕಲ್ ಸರ್ವೆಯಲ್ಲಿ ಜಿಯೋಫಿಸಿಸ್ಟ್ ಹುದ್ದೆಗೆ ಯುಪಿಎಸ್‌ಸಿ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ, ಒಎನ್‌ಜಿಸಿಯೂ ಜಿಯೋಫಿಸಿಸ್ಟರನ್ನು ಆರಿಸುತ್ತದೆ, ಹೈದರಾಬಾದಿನಲ್ಲಿ ಎನ್‌ಜಿಆರ್‌ಐ ಇದೆ, ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಹುಡುಕಿದ ಪರಮಾಣು ಖನಿಜ ನಿರ್ದೇಶನಾಲಯವೂ ಇದೆ. ಇಷ್ಟು ಹೇಳುತ್ತೇನೆ. ಗ್ಯಾರಂಟಿ ಕೊಡುವುದಿಲ್ಲ.

ತೆರಿಗೆಯ ವಿಷಯ ಚಿಕ್ಕದಾಗಿ: ವಿದ್ಯಾರ್ಥಿಯ ಫೀಸನ್ನು ನೀವೇ ನೇರ ಕಟ್ಟಿದರೆ 80ಜಿ, ಅಂದರೆ ದಾನಕ್ಕಿರುವ ತೆರಿಗೆ ರಿಯಾಯಿತಿ, ಸಿಗುವುದಿಲ್ಲ. ನೋಂದಾಯಿತ ಟ್ರಸ್ಟಿನ ಮೂಲಕ ಕೊಟ್ಟರೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಸಿಗುತ್ತದೆ. ನಗದು 2,000 ದಾಟಿದರೆ ಇಲ್ಲ. ನಮ್ಮ ದಾನಿಗಳಲ್ಲಿ ಹೆಚ್ಚಿನವರು ಕೇಳುವುದು ರಸೀದಿಯನ್ನಲ್ಲ, ಫೋಟೋವನ್ನು. ಚೆಕ್ ಹಿಡಿದ ಹುಡುಗ, ಪಕ್ಕದಲ್ಲಿ ಮಾಲೀಕರು, ಹಿಂದೆ ಬ್ಯಾನರ್. ಒಂದು ಸಂಸ್ಥೆ ಒಳ್ಳೆಯ ಮೊತ್ತಕ್ಕೆ ಒಪ್ಪಿ, ವಿದ್ಯಾರ್ಥಿಗಳು ತಮ್ಮ ಸಮಾರಂಭದಲ್ಲಿ ವೇದಿಕೆ ಮೇಲೆ ತಮ್ಮ ಬಡತನದ ಬಗ್ಗೆ ಎರಡು ಮಾತಾಡಬೇಕು ಅಂದಿತು. ಬೇಡ ಅಂದೆವು, ಅವರೂ ಹಿಂದೆ ಸರಿದರು. ಶರಣಬಸವೇಶ್ವರರ ದಾಸೋಹದ ಊರಿನಲ್ಲಿ ಕೂತು ಉಣ್ಣುವವನ ಹೆಸರು ಕೇಳುವುದು ನನಗೇಕೋ ಸರಿ ಕಾಣುವುದಿಲ್ಲ.

ಬಾಂಡ್ ಬರೆಸಿಕೊಳ್ಳಿ ಅನ್ನುವ ಒತ್ತಾಯ ಇನ್ನೂ ಇದೆ. ನೌಕರಿ ಸಿಕ್ಕ ಮೇಲೆ ವಾಪಸ್ ಕೊಡಬೇಕು, ಕಲಬುರಗಿಗೇ ಬಂದು ಕೆಲಸ ಮಾಡಬೇಕು ಅಂತೆಲ್ಲ. ಮೊದಲು ಓದಿ ಬಂದವರಲ್ಲಿ ಒಬ್ಬ ಪ್ರತಿ ಮಾರ್ಚಿಗೆ ತಾನಾಗಿ ಕಳಿಸುತ್ತಾನೆ, ಇನ್ನೊಬ್ಬ ಫೋನನ್ನೂ ಎತ್ತುವುದಿಲ್ಲ. ಹುಮನಾಬಾದ್ ರಸ್ತೆಯ ಮಾಲೀಕರಿಗೆ ಆ ಎರಡನೆಯವನ ಮೇಲೆ ಸಿಟ್ಟು. ನಾನು ಬಾಂಡಿಗೆ ಒಪ್ಪಿಲ್ಲ, ಅವರು ಒಪ್ಪಿಸುವುದನ್ನು ಬಿಟ್ಟಿಲ್ಲ. ಎಳ್ಳ ಅಮಾವಾಸ್ಯೆ ಮುಗಿದು ತೊಗರಿ ಮಾರುಕಟ್ಟೆಗೆ ಬಂದ ಮೇಲೆ ಈ ವರ್ಷದ ಸಭೆ ಇದೆ, ಅಲ್ಲಿ ಮೊದಲ ವಿಷಯ ಅದೇ.